ಚೀಲ ತೊಳೆದ ಸಕ್ಕರೆ

ಮಹಾಯುದ್ಧದ ಕಾಲದ ಒಂದು ಮಳೆಗಾಲದಲ್ಲಿ ನನ್ನ ಜೇನುಪೆಟ್ಟಿಗೆ ದಿನದಿನಕ್ಕೆ ಹಗುರಾಗುತ್ತಿತ್ತು. ಆಗ ನಾನು ಧಾರವಾಡದ ಮಾಳಮಡ್ಡಿಯಲ್ಲಿದ್ದೆ. ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದೆ. ಹೊರಡುವ ಮೊದಲು ಪೆಟ್ಟಿಗೆಯ ಹಿಂಬದಿಯನ್ನು ಎರಡು ಬೆರಳಿನಿಂದ ಎತ್ತಿ ನೋಡುವುದು ರೂಢಿ. ಭಾರವಿದ್ದರೆ ಒಳಗೆ ಜೇನಿದೆ ಎಂದು ಅರ್ಥ. ಮಳೆ ಹಿಡಿದರೆ ಹೂವಿಲ್ಲ. ಸಕ್ಕರೆಯ ಪಾಕ ಕೊಡದಿದ್ದರೆ ಹುಳುಗಳು ಸಾಯುತ್ತವೆ, ಇಲ್ಲವೆ ಪೆಟ್ಟಿಗೆ ಬಿಟ್ಟು ಹೋಗುತ್ತವೆ. ಬೆಲ್ಲ ಅವಕ್ಕೆ ಒಗ್ಗದು. ರೇಶನ್ ಸಕ್ಕರೆ ನಮ್ಮ ಚಹಾಕ್ಕೇ ಸಾಲುತ್ತಿರಲಿಲ್ಲ.

ಗೋಡೆಯಾಚೆ ನಿವೃತ್ತ ಮಾಸ್ತರರೊಬ್ಬರ ಪೆಟ್ಟಿಗೆಯಿತ್ತು. ಅವರಿಲ್ಲದಾಗ ಅದನ್ನೂ ಎತ್ತಿ ನೋಡಿದೆ. ಎರಡು ಬೆರಳಿಗೆ ಅಲುಗಲಿಲ್ಲ.

“ಮಾಸ್ತರ, ಇಷ್ಟು ಸಕ್ಕರಿ ಎಲ್ಲಿಂದ ತರ್ತೀರಿ?” ಎಂದು ಒಮ್ಮೆ ಕೇಳಿದೆ.

“ಚೀಲಾ ತೊಳೀತೇನ್ರಿ, ಪೇಪರ್‌ನವ್ರ,” ಎಂದು ನಕ್ಕರು.

ಚೇಷ್ಟೆ ಎಂದುಕೊಂಡೆ. ಇವರು ಕಳ್ಳಸಂತೆಯ ಗಿರಾಕಿ ಎಂದು ಮನಸ್ಸಿನಲ್ಲಿ ಬರೆದೂ ಇಟ್ಟೆ. “ಅವರ ಪೆಟ್ಟಿಗಿ ನೋಡಿ ನೋಡಿ ನಿಮ್ಮ ಹುಳಾ ದಪ್ಪ ಆಗೂದಿಲ್ಲ,” ಎಂದಳು ಹೆಂಡತಿ.

ಕಣ್ಣಾರೆ ಕಾಣದ್ದನ್ನು ಅಚ್ಚಿಗೆ ಕೊಡಬಾರದೆಂಬುದು ನಮ್ಮ ಕಚೇರಿಯ ನಿಯಮ. ಒಂದು ದಿನ ಮಾಸ್ತರರು ಡಬ್ಬಿ ಹಿಡಿದು ನನ್ನ ರೈಲಿನಿಂದಲೇ ಹುಬ್ಬಳ್ಳಿಯಲ್ಲಿ ಇಳಿದಾಗ ಹಿಂಬಾಲಿಸಿದೆ. ದುರ್ಗದಬೈಲ್ ಪೇಟೆಯ ಹಿಂದೆ ಹಳೆಯ ಗೋಣಿಚೀಲ ಮಾರುವ ಸಾಹೇಬರೊಬ್ಬರ ಅಂಗಳ. ಮಾಸ್ತರರು ಧೋತರ ಎತ್ತಿಕಟ್ಟಿ, ಸಕ್ಕರೆಯ ಖಾಲಿ ಚೀಲಗಳನ್ನು ಬೋಗುಣಿಯಲ್ಲಿ ಒಂದೊಂದಾಗಿ ಅದ್ದಿ ಹಿಂಡುತ್ತಿದ್ದರು. ಎಳೆಗಳಲ್ಲಿ ಉಳಿದ ಸಕ್ಕರೆ ಕರಗಿ ನೀರು ಸಿಹಿಯಾಗುತ್ತಿತ್ತು. ಮನೆಯಲ್ಲಿ ಅದನ್ನು ಸೋಸಿ ಕಾಯಿಸಿದರೆ ಪಾಕ. ಸಾಹೇಬರಿಗೆ ಇರುವೆ ಮುತ್ತದ ಚೀಲ, ಮಾಸ್ತರರಿಗೆ ಸಿಹಿನೀರು.

ಅವರು ನಿಜವನ್ನೇ ಹೇಳಿದ್ದರು. ನನಗೆ ಸಮಾಧಾನವಾಗಲಿಲ್ಲ. ಅವರು ಕಳ್ಳರಾಗಿದ್ದರೆ ಸಹಿಸಿಕೊಳ್ಳಬಹುದಿತ್ತು.

ನನ್ನ ರಜೆಯ ದಿನ, ಅವರಿಗಿಂತ ಮೊದಲೇ ಆ ಅಂಗಳಕ್ಕೆ ಹೋದೆ. “ಮಾಸ್ತರ್ರು ಕಳಿಸ್ಯಾರ್ರಿ,” ಎಂದೆ.

“ಅವರ ಪೈಕಿ ಏನ್ರಿ? ಬರ್ರಿ, ಬರ್ರಿ. ಇವತ್ತ ಚೀಲಾ ಭಾಳ ಬಂದಾವ,” ಎಂದರು ಸಾಹೇಬರು. ಬಂದಿದ್ದ ಚೀಲವನ್ನೆಲ್ಲ ನಾನೇ ಹಿಂಡಿದೆ. ಮಾಸ್ತರರಿಗೆ ಒಂದನ್ನೂ ಉಳಿಸಲಿಲ್ಲ.

ಮನೆಗೆ ತಂದು ಕಾಯಿಸಿದ ಪಾಕ ತಣಿಯುವಾಗ ಮಧ್ಯಾಹ್ನವಾಗಿತ್ತು, ಬಿಸಿಲೂ ಬಿದ್ದಿತ್ತು. ಹುಳುಗಳಿಗೆ ಉಣಿಸುವುದು ದೀಪ ಹಚ್ಚುವ ಹೊತ್ತಿಗೆ ಎಂಬುದು ನನಗೂ ಗೊತ್ತಿತ್ತು. ಹಗಲಿನಲ್ಲಿ ಸಿಹಿಯ ವಾಸನೆಗೆ ಬೇರೆ ಪೆಟ್ಟಿಗೆಯವು ದಾಳಿಯಿಡುತ್ತವೆ. ಆದರೆ ಗೋಡೆಯಾಚೆ ಮಾಸ್ತರರ ಹುಳುಗಳು ಸಾಲುಗಟ್ಟಿ ಹಾರುತ್ತಿದ್ದವು. ನನ್ನವೂ ಈಗಲೇ ಹಾಗೆ ಹಾರಬೇಕೆನಿಸಿತು. ಅವಸರದಲ್ಲಿ ಒಳಗಿನ ಬಟ್ಟಲಿಗೆ ಸುರಿದೆ. ಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೂ ಚೆಲ್ಲಿತು.

ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಮುಂದೆ ಹುಳುಗಳ ಮೋಡ. ನನ್ನವು ಚುರುಕಾದವೆಂದು ಹೆಂಡತಿಯನ್ನು ಕರೆದು ತೋರಿಸಿದೆ. ಆಗ ಮಾಸ್ತರರು ಹಸಿ ಬಟ್ಟೆ ಹಿಡಿದು ಗೋಡೆ ಹತ್ತಿ ಬಂದರು. “ಅಯ್ಯ, ಅವು ನಮ್ಮ ಹುಳಾರೀ! ಲೂಟಿ ಮಾಡಾಕತ್ತಾವ. ಬಾಗಲಾ ಸಣ್ಣ ಮಾಡ್ರಿ, ಲಗೂ!”

ಪೆಟ್ಟಿಗೆಗೆ ಬಟ್ಟೆ ಹೊದಿಸುವಷ್ಟರಲ್ಲಿ ಹಲಗೆಯ ತುಂಬ ನನ್ನ ಹುಳುಗಳು ಸತ್ತು ಬಿದ್ದಿದ್ದವು. ಉಳಿದವು ಮರುದಿನ ಪೆಟ್ಟಿಗೆ ಬಿಟ್ಟು ಹೋದವು.

ಆಮೇಲೊಂದು ದಿನ ಮಾಸ್ತರರು ಹುಬ್ಬಳ್ಳಿಗೆ ಹೋಗಿ ಖಾಲಿ ಡಬ್ಬಿಯೊಂದಿಗೆ ಮರಳಿದರು. ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದರು: “ನಾನ ಯಾರನ್ನೋ ಕಳಿಸಿದ್ನಂತ, ಸಾಹೇಬ್ರು ಅಂದ್ರು. ಖರೇನ ಕಳಿಸಿದ್ರ, ಸಂಜಿಗೆ ಹಾಕ್ರಿ ಅಂತ ಹೇಳಿ ಕಳಿಸ್ತಿದ್ದೆ.” ಅವರು ಎದ್ದು, “ನಿಮ್ಮ ಸಕ್ಕರಿ ನಮ್ಮ ಪೆಟ್ಟಿಗ್ಯಾಗ ಐತಿ. ಚಳಿ ಬೀಳ್ಲಿ, ಹುಳಾ ಪಾಲು ಮಾಡಿ ಕೊಡ್ತೇನಿ,” ಎಂದರು.

ಹೇಳಿದಂತೆಯೇ ಕೊಟ್ಟರು. ಆ ಹುಳುಗಳು ಚೆನ್ನಾಗಿ ಬೆಳೆದವು, ಪೆಟ್ಟಿಗೆ ಭಾರವಾಯಿತು. ಒಂದು ಮುಂಜಾನೆ, ಮಾಸ್ತರರು ಸ್ನಾನಕ್ಕೆ ಹೋಗಿದ್ದಾಗ, ಗೋಡೆ ದಾಟಿ ಅವರದನ್ನೂ ಎತ್ತಿ ನೋಡಿದೆ. ಅವರದೇ ಹೆಚ್ಚು ಭಾರವಿತ್ತು.