ಆ ಸಾಲನ್ನು ಮುಚ್ಚಿದವಳು ನಾನು

"ಬಲಿ ಎಳುವರ್ ಮಕ್ಕಳಿಗೆ ಇಂಜಿನಿಯರಿಂಗ್ ಎಲ್ಲ ಆಪ್ದಲ್ಲ" ಎಂದವರು ಕಡಲಲ್ಲಿ ಬಲೆ ಎಳೆದೇ ಬದುಕಿದ ನನ್ನ ದೊಡ್ಡ ಮಾವ. ಆ ಮಾತನ್ನು ಸುಳ್ಳು ಮಾಡಲು ಹೋಗಿ ನಾನು ನಿನ್ನ ಓದು ಕೆಡಿಸಿದೆ, ಸುಮಾ. ವಾಚ್‌ಡಾಗನ್ನು ಆಫ್ ಮಾಡಿದವಳು ನೀನಲ್ಲ, ನಾನು.

ನಮ್ಮಿಬ್ಬರಿಗೂ ಇದ್ದದ್ದು ಒಂದೇ ಲ್ಯಾಪ್‌ಟಾಪ್. ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಸುವ ಪೆಟ್ಟಿಗೆ ನಮ್ಮ ಪ್ರಾಜೆಕ್ಟು. ಅದರೊಳಗಿನ ಪುಟ್ಟ ಆಪರೇಟಿಂಗ್ ಸಿಸ್ಟಮ್ಮಿಗೆ ಏನು ಸೇರಬೇಕು, ಏನು ಬೇಡ ಎಂದು ಸಾಲುಸಾಲಾಗಿ ಹೇಳುವ ಕಾನ್ಫಿಗರೇಶನ್ ಫೈಲು ನಿನ್ನ ಪಾಲಿನದು. ಪೆಟ್ಟಿಗೆ ಎಲ್ಲಾದರೂ ಸ್ತಬ್ಧವಾದರೆ ಅದನ್ನು ಮತ್ತೆ ಚಾಲೂ ಮಾಡುವುದೇ ವಾಚ್‌ಡಾಗ್.

ಕಾಲೇಜಿನ ಪ್ರದರ್ಶನಕ್ಕೆ ಮಾವ ಬಂದಿದ್ದರು. ಪೆಟ್ಟಿಗೆ ಜಿಪಿಎಸ್ ಹಿಡಿಯಲು ತಡವಾದದ್ದನ್ನೇ ಸ್ತಬ್ಧವಾಯಿತೆಂದು ತಿಳಿದು ವಾಚ್‌ಡಾಗ್ ಅದನ್ನು ರೀಸ್ಟಾರ್ಟ್ ಮಾಡುತ್ತಿತ್ತು — ಮತ್ತೆ, ಮತ್ತೆ. "ಎಂತ ಹೆಣ್ಣೇ, ನಿನ್ ಪೆಟ್ಟಿಗಿಗೆ ಕೆಮ್ಮಾ?" ಎಂದು ಎಲ್ಲರೆದುರು ನಕ್ಕರು. ನೀನು ಊಟಕ್ಕೆ ಹೋಗಿದ್ದೆ. ನಾನು ನಿನ್ನ ಫೈಲಿನಲ್ಲಿ ವಾಚ್‌ಡಾಗ್‌ನ ಆ ಒಂದು ಸಾಲನ್ನು ಆಫ್ ಮಾಡಿ ಹೊಸದಾಗಿ ಬಿಲ್ಡ್ ಮಾಡಿದೆ. ಪೆಟ್ಟಿಗೆಯ ಕೆಮ್ಮು ನಿಂತಿತು. ಮಾವನ ನಗುವೂ.

ಬೀಜಾಡಿಯ ಕಡಲದಡದಲ್ಲಿ ಪೆಟ್ಟಿಗೆಯನ್ನು ನಿನ್ನಪ್ಪನ ದೋಣಿಗೆ ಕಟ್ಟುವಾಗ ಆ ಸಾಲು ಇನ್ನೂ ಆಫ್ ಇದೆಯೆಂದು ನನಗೆ ನೆನಪಿತ್ತು — ಮರೆತಿದ್ದೆ ಎಂದು ಬರೆಯಲಾರೆ. ಸರಿಮಾಡಲು ಒಂದು ಗಂಟೆ ತಡೆಯಿರಿ ಎಂದಿದ್ದರೆ ಸಾಕಿತ್ತು. ಮಾವ ಪಕ್ಕದಲ್ಲೇ ನಿಂತಿದ್ದರು. ನಾನು ಗಂಟು ಬಿಗಿದೆ.

ಪೆಟ್ಟಿಗೆ ಕಡಲಲ್ಲಿ ಸ್ತಬ್ಧವಾಯಿತು. ಆಮೇಲೆ ದೋಣಿಯ ಎಂಜಿನ್ನೂ ಕೆಟ್ಟಿತು. ದಡದ ಪರದೆಯ ಮೇಲೆ ಹಳೆಯ ಜಾಗದಲ್ಲೇ ನಿಂತಿದ್ದ ಚುಕ್ಕೆಯನ್ನು ನಂಬಿ ಹುಡುಕಲು ಹೋದವರು ಬರಿಗೈಯಲ್ಲಿ ಬಂದರು. ಮರುದಿನ ಬೈಂದೂರು ಕಡೆಯ ದೋಣಿಯವರು ನಿನ್ನಪ್ಪನನ್ನು ಕರೆತಂದರು — ಜೀವವಿತ್ತು, ಮಾತಿರಲಿಲ್ಲ.

"ಕಾನ್ಫಿಗರೇಶನ್ ಯಾರು ನೋಡ್ಕೊಂಡಿದ್ದು?" ಎಂದು ಪ್ರಾಜೆಕ್ಟ್ ಗೈಡ್ ಕೇಳಿದರು.

"ಅದು ಸುಮಾಳ ಕೆಲಸ ಸರ್" ಎಂದೆ.

ಸುಳ್ಳೇನೂ ಅಲ್ಲವಲ್ಲ... ನೀನು ಫೈಲು ತೆರೆದು ಆ ಸಾಲನ್ನು ನೋಡಿ ಬಿಳಿಚಿಕೊಂಡೆ. ಅದನ್ನು ಆನ್ ಮಾಡಲು ಮರೆತವಳು ನೀನೇ ಎಂದು ನೀನು ನಂಬಿಬಿಟ್ಟೆ. ಅದು ನನಗೆ ಅನುಕೂಲವಾಯಿತು. ಚೇತರಿಸಿಕೊಂಡ ನಿನ್ನಪ್ಪ ಆಡಿದ ಮೊದಲ ಮಾತು, "ನಿನ್ ಓದ್ ಸಾಕ್ ಮಗಾ". ನೀನು ಕಾಲೇಜಿಗೆ ಮತ್ತೆ ಬರಲಿಲ್ಲ.

ನಾನು ಅದೇ ಸಾಲನ್ನು ಸರಿಮಾಡಿ, ಅದೇ ಪೆಟ್ಟಿಗೆಗೆ ಬಹುಮಾನ ಪಡೆದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲಿಗಳು ನಾನು — ಹಸಿದು ಓದಿದ್ದೇನೆ, ಆ ಹೆಮ್ಮೆ ಈಗಲೂ ಇದೆ. ಅದರ ಜೊತೆಗೇ ಇದೂ ಇದೆ. ಈ ಕಾಗದವನ್ನು ನಿನ್ನಪ್ಪನಿಗೆ ಓದಿ ಹೇಳು... ಬೇಡ, ನಾನೇ ಬಂದು ಹೇಳುತ್ತೇನೆ.

ಬಹುಮಾನದ ದಿನ ನನ್ನೊಬ್ಬಳದೇ ಹೆಸರಿದ್ದ ಸರ್ಟಿಫಿಕೇಟನ್ನು ಮಾವನ ಕೈಗೆ ಕೊಟ್ಟಿದ್ದೆ. ಕೈ ಒರೆಸಿಕೊಂಡು ತೆಗೆದುಕೊಂಡರು. ತುಂಬ ಹೊತ್ತು ನೋಡಿದರು.

"ನಾ ಹೇಳಿದ್ ಸುಳ್ಳಾಯ್ತ್ ಹೆಣ್ಣೇ. ಇಷ್ಟೂ ನೀನೊಬ್ಳೇ ಮಾಡಿದ್ದಾ?"