ಲೂಮ್ ಫಿಟ್ಟರ್ ನಾಮದೇವನ ಮೈಕು

ನಾಮದೇವನನ್ನು ನನ್ನ ಕಾಟಾದ ಮೇಲೆ ನಿಲ್ಲಿಸಿದರೆ ಐವತ್ನಾಲ್ಕು ಕಿಲೋ ತೂಗಬಹುದು. ಅದರಲ್ಲಿ ಎರಡು ಕಿಲೋ ಕಿಸೆಯಲ್ಲಿನ ಸ್ಪ್ಯಾನರು, ಸ್ಕ್ರೂಡ್ರೈವರುಗಳದ್ದು. ಮಾಲು ಐವತ್ತೆರಡು ವರ್ಷ ಓಡಿದೆ. ಬಲಗಿವಿ ಚಾಲೂ ಇದೆ, ಎಡಗಿವಿ ಲೂಮಿನ ಸದ್ದಿಗೆ ಹೋಗಿದೆ. ಕೈಗಳು ಮಾತ್ರ ಇನ್ನೂ ಬಿಗಿ. ಮೇಲ್ನೋಟಕ್ಕೆ ಗುಜರಿ ದರಕ್ಕೂ ಯಾರೂ ಕೇಳುವುದಿಲ್ಲ; ನಾನೂ ಕೇಳಿರಲಿಲ್ಲ. ಮೂವತ್ತು ವರ್ಷದ ವ್ಯಾಪಾರದಲ್ಲಿ ಒಂದು ಮಾಲಿಗೆ ಇಷ್ಟು ತಪ್ಪು ಬೆಲೆ ಕಟ್ಟಿದ್ದು ಅದೊಂದೇ.

ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಮುಚ್ಚಿದ ಕಾರ್ಖಾನೆಗಳ ಹಳೆಯ ಲೂಮುಗಳನ್ನು ಕೊಂಡು, ಒಡೆದು, ಕಬ್ಬಿಣದ ತೂಕಕ್ಕೆ ಮಾರುವುದು ನನ್ನ ದಂಧೆ. ನಂದೇಶ್ವರದಿಂದ ಬಂದು ಅಲ್ಲೇ ಒಂದು ಟರ್ಕಿಶ್ ತುವಾಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವವನು ನಾಮದೇವ. ಆರು ವರ್ಷದ ಹಿಂದೆ ಆ ಕಾರ್ಖಾನೆಯವರು ತೆಗೆದುಹಾಕಿದ ಇಪ್ಪತ್ತನಾಲ್ಕು ಹಳೆಯ ಲೂಮು ಒಡೆಯಲು ಹೋಗಿದ್ದಾಗ ಹೆಗಲಿಗೆ ಚೀಲ ಹಾಕಿಕೊಂಡು ಅಡ್ಡ ಬಂದ.

“ಶೇಟ, ಜರಾ ಥಾಂಬ್ರಿ. ಅರ್ಧಾ ತಾಸು. ಕಡೀದೊಮ್ಮಿ ಓಡಸ್ತೀನಿ, ಆಮ್ಯಾಲ ಒಡೀರಿ.”

“ಯಾಕೋ?”

“ಆವಾಜ್ ಹಿಡೀಬೇಕು.”

“ನಿನ್ನ ಕಿವಿ ತಿಂದಿದ್ದ ಇದ ಅಲ್ಲೇನು?”

“ಹೌದಲ್ರಿ, ತಿಂದೈತಿ. ಅದಕ್ಕ ಅದರ ಆವಾಜಿನ ಮ್ಯಾಲ ನನ್ನ ಹಕ್ಕ ಐತಿ.”

ಚೀಲದಿಂದ ಒಂದು ಹಳೆಯ ಮೈಕು ತೆಗೆದ. ಅಂಥವು ಅವನ ಮನೆಯಲ್ಲಿ ಮೂವತ್ತೊಂದು ಇದ್ದವು, ಬಿಸ್ಕತ್ತಿನ ಡಬ್ಬಿಗಳಲ್ಲಿ, ಒಂದೊಂದಕ್ಕೂ ಬೇರೆ ತುವಾಲು ಸುತ್ತಿ. ಮುಚ್ಚಿದ ಟಾಕೀಜಿನದು, ಬ್ಯಾಂಡ್ ಕಂಪನಿಯದು, ಚುನಾವಣೆ ಜೀಪಿನ ಮೇಲೆ ಕೂಗಿ ಕೂಗಿ ಜಾಲರಿ ನುಗ್ಗಾದದ್ದು. ಎಲ್ಲವೂ ಡೈನಮಿಕ್ ಜಾತಿಯವು: ಒಳಗೊಂದು ತೆಳು ಪರದೆ, ಅದಕ್ಕಂಟಿದ ತಂತಿಯ ಸುರುಳಿ, ಸುತ್ತ ಅಯಸ್ಕಾಂತ. ಬ್ಯಾಟರಿ ಬೇಡ. ಧ್ವನಿಯೇ ಸುರುಳಿಯನ್ನು ಅಲುಗಿಸಿ ಕರೆಂಟು ಹುಟ್ಟಿಸುತ್ತದೆ. ಲೂಮಿನ ಅಬ್ಬರಕ್ಕೂ ಇವು ಒಡೆಯುವುದಿಲ್ಲ. ಒಮ್ಮೆ ನಾನು ಒಂದನ್ನು ಕಬ್ಬಿಣದ ಕಾಟಾದ ಮೇಲಿಟ್ಟು ತೂಕ ನೋಡಹೋದಾಗ ಕೈ ತಟ್ಟಿ ಕಸಿದುಕೊಂಡಿದ್ದ: “ಲೋಖಂಡದ ಪುಡಿ ಒಳಗ ಹೋದ್ರ ಮುಗೀತು. ಇದು ತೂಕಕ್ಕ ಹಾಕೂ ಮಾಲಲ್ಲ, ಶೇಟ.”

ಆ ಮೂವತ್ತೊಂದರಲ್ಲಿ ಒಂದು ಜರ್ಮನಿಯದು. ಗುಂಡಗೆ, ಭಾರ, ಕ್ರೋಮಿನ ಜಾಲರಿ. ನಾಟಕ ಕಂಪನಿಯ ಮಾಲಕರೊಬ್ಬರ ಮನೆಯ ಬೋರ್‌ವೆಲ್ ಪಂಪನ್ನು ನಾಲ್ಕು ತಿಂಗಳು ಪುಕ್ಕಟೆ ರಿಪೇರಿ ಮಾಡಿ ಸಂಪಾದಿಸಿದ್ದ. ಹಳೆಯ ಮೈಕು ಕೂಡಿಹಾಕುವ ಪುಣೆಯ ಶೋಕೀನನೊಬ್ಬ ಅದಕ್ಕೆ ಅರವತ್ತು ಸಾವಿರದವರೆಗೂ ಬರಲು ತಯಾರಿದ್ದ. ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಉತ್ತರ: “ಮಾರಾಕ ಇಟ್ಟಿಲ್ಲ, ಶೇಟ.”

ಕಳೆದ ವರ್ಷ ನನ್ನ ಅಣ್ಣನ ಗಂಟಲು ಕೆಟ್ಟಿತು.

ಅಣ್ಣ ಬಸಯ್ಯ ದುಧನಿ ಮಾರುಕಟ್ಟೆಯಲ್ಲಿ ಮೂವತ್ತೈದು ವರ್ಷ ಹರಾಜಿನ ಸವಾಲು ಕೂಗಿದವನು. ತೊಗರಿ, ಕಡಲೆ, ಜೋಳದ ರಾಶಿಗಳ ಮುಂದೆ ನಿಂತು ಅವನು ದರ ಏರಿಸುತ್ತಿದ್ದರೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿಗೆ ಕೇಳಿಸುತ್ತಿತ್ತು. ಧ್ವನಿಪೆಟ್ಟಿಗೆಯಲ್ಲಿ ಗಂಟು, ಅದು ಕ್ಯಾನ್ಸರಿನದು, ಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಸೋಮವಾರ ಬೆಳಿಗ್ಗೆ ಆಪರೇಷನ್. ಆಮೇಲೆ ಆ ಕೂಗು ಇರುವುದಿಲ್ಲ.

ಅವನ ಹೆಂಡತಿ, ನನ್ನ ವೈನಿ ಗೋದೂಬಾಯಿ, ಅದನ್ನು ಮೊಬೈಲಿನಲ್ಲಿ ತುಂಬಿಕೊಳ್ಳಲು ನೋಡಿದಳು. ಅಣ್ಣ ಧ್ವನಿ ಎತ್ತಿದರೆ ಫೋನು ಚರಚರ ಎಂದು ಹರಿದುಹೋಗುತ್ತಿತ್ತು. ತಗ್ಗಿಸಿದರೆ ಬರೀ ಉಸಿರು. ಇದನ್ನು ನಾಮದೇವನಿಗೆ ಹೇಳಿದೆ. ಅವನು ಯೋಚನೆಯನ್ನೇ ಮಾಡಲಿಲ್ಲ.

“ಐತವಾರ ಕರಕೊಂಡು ಬರ್ರಿ. ನಮ್ಮ ಗೋದಾಮಿನ್ಯಾಗ ಹಿಡಿಯೂಣು.”

ಆ ಗೋದಾಮಿನಲ್ಲಿ ನೆಲದಿಂದ ತಗಡಿನವರೆಗೆ ತುವಾಲಿನ ಗಂಟುಗಳು. ಎಷ್ಟು ಕೂಗಿದರೂ ಪ್ರತಿಧ್ವನಿ ಹುಟ್ಟದು, ತುವಾಲು ನುಂಗುತ್ತದೆ. ಭಾನುವಾರ ಲೂಮುಗಳಿಗೆ ರಜೆ. ಆದರೆ ಮಾಲು ಒಯ್ಯುವ ಲಾರಿ ನಾಲ್ಕಕ್ಕೆ ಬರುವುದಿತ್ತು. ಮೂರಕ್ಕೆ ನಾವು ಒಳಗೆ ಹೋದೆವು. ನಾಮದೇವ ಜರ್ಮನ್ ಮೈಕನ್ನು ಸ್ಟ್ಯಾಂಡಿಗೆ ಕೂರಿಸಿ, ರೆಕಾರ್ಡಿಂಗ್ ಮೆಷಿನಿಗೆ ಜೋಡಿಸಿ, ಹೆಡ್‌ಫೋನನ್ನು ಬಲಗಿವಿಗೆ ಒತ್ತಿಕೊಂಡಿದ್ದ.

“ಹಾಂ, ಅಣ್ಣಾರ, ಕೂಗ್ರಿ.”

ಅಣ್ಣ ಒಂದು ಗಂಟಿನ ಮೇಲೆ ಕೂತುಬಿಟ್ಟ.

“ಏನ್ ಕೂಗಲಿ?” ಎಂದ. ಒಣ ಹುಲ್ಲು ಮುರಿದ ಹಾಗಿತ್ತು ಧ್ವನಿ. “ಮಾಲಿಲ್ಲ, ಗಿರಾಕಿ ಇಲ್ಲ. ಗ್ವಾಡಿಗೆ ಸವಾಲ್ ಕೂಗಾಕ ನಾ ಏನ್ ಹುಚ್ಚನೇನು?”

ನಾನು ಒಂದು ತುವಾಲಿನ ಗಂಟನ್ನು ಎಳೆದು ಮುಂದಿಟ್ಟೆ. “ತಗೋ, ಇದ ಮಾಲು.”

“ಯಾರದು?”

“ಕಾರ್ಖಾನೀದು.”

“ಮಾಲಕ ಮಾರ್ತೀನಿ ಅಂದಾನೇನು? ಮಾರಲಾರದ ಮಾಲಿಗೆ ಬಾಯಿ ತಗದಂವಲ್ಲ ನಾ, ಸೋಮು. ಮೂರ ಸಲ ಕೂಗಿದ್ರ ಮಾಲು ಕೈ ಬದಲಾಗಬೇಕು. ಇಲ್ಲಂದ್ರ ಅದು ಸುಳ್ಳ ಕೂಗು.”

“ನಾಳಿಗೆ ಗಂಟಲಾ ತಗೀತಾರ,” ಎಂದಳು ವೈನಿ, “ಇವತ್ತಾದ್ರೂ ಹಟಾ ಬಿಡು.”

“ನಾಳಿಗೆ ತಗೀತಾರಂತ ಇವತ್ತ ಸುಳ್ಳ ಕೂಗಲೇನು?”

ಮೂರೂ ಇಪ್ಪತ್ತು. ಹೊರಗಿಂದ ವಾಚಮನ್ ಪಪ್ಪು ತಲೆ ಹಾಕಿದ: “ನಾಮದೇವಮಾಮಾ, ಲಾರಿ ಹೊಟಗಿ ನಾಕಾ ದಾಟೈತಂತ, ಲಗೂನ ಮುಗಸ್ರಿ.”

ನಾಮದೇವ ಹೆಡ್‌ಫೋನು ತೆಗೆದ. ಸ್ಟ್ಯಾಂಡಿನಿಂದ ಜರ್ಮನ್ ಮೈಕನ್ನು ಬಿಚ್ಚಿದ. ಟಾಕೀಜಿನ ಹಳೆಯ ಮೈಕನ್ನು ಅದರ ಜಾಗದಲ್ಲಿ ಕೂರಿಸಿದ. ಬಿಚ್ಚಿದ್ದನ್ನು ಮಡಿಸಿದ ಬಿಳಿ ತುವಾಲಿನ ಮೇಲಿಟ್ಟು ಅಣ್ಣನ ಮುಂದೆ ಸರಿಸಿದ.

“ಇದು ನಂದು. ಮಾರ್ತೀನಿ. ಐದು ಸಾವಿರದಿಂದ ಚಾಲೂ ಮಾಡ್ರಿ.”

ನಾನು ಅವನ ತೋಳು ಹಿಡಿದೆ. “ಏ ನಾಮದೇವ, ಅಣ್ಣ ಕೂಗಿದ್ರ ಖರೇನ ಹೋಗತೈತಿ, ನೋಡು.”

“ಗೊತ್ತೈತಿ, ಶೇಟ. ನೀವು ಗಿರಾಕಿ ಆಗ್ರಿ.”

“ಒಬ್ಬ ಗಿರಾಕಿಗೆ ಸವಾಲ್ ಆಗಂಗಿಲ್ಲ,” ಎಂದ ಅಣ್ಣ. ಆದರೆ ಎದ್ದು ನಿಂತಿದ್ದ.

“ನಾ ಅದೀನಿ,” ಎಂದಳು ವೈನಿ.

“ರೊಕ್ಕ ಐತೇನು?”

“ಕೈಯಾಗ ಬಂಗಾರದ ಪಾಟಲಿ ಅದಾವ, ಕಣ್ಣ ಕಾಣಂಗಿಲ್ಲೇನು? ಕೂಗು.”

ನಾನು ಐದು ಎಂದೆ. ವೈನಿ ಆರು ಎಂದಳು. ಅಣ್ಣನ ಧ್ವನಿ ಮೊದಲು ಕೆರೆಯಿತು, ಕೆಮ್ಮಿತು, ಎಂಟರ ಹೊತ್ತಿಗೆ ದಾರಿ ಹಿಡಿಯಿತು. ಹನ್ನೊಂದಕ್ಕೆ ಬಿಚ್ಚಿಕೊಂಡಿತು. “ಹನ್ನೊಂದ ಸಾವಿರ, ಹನ್ನೊಂದ! ಜರ್ಮನಿ ಮಾಲು, ಹನ್ನೊಂದಕ್ಕ ಹೊಂಟೈತಿ, ಹೊಂಟೈತಿ ನೋಡ್ರಿ! ಏ ಗುಜರಿ ಸೋಮು, ಕಿಸೇಕ ಹೊಲಿಗಿ ಹಾಕೀಯೇನು? ಪಾಟಲಿಯಮ್ಮ ಮುಂದ ಹೋದಳು!” ನಾಮದೇವ ಕಣ್ಣು ಮುಚ್ಚಿ ಮೆಷಿನಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಅಣ್ಣ ಬಾಗಿದರೆ ಸ್ಟ್ಯಾಂಡನ್ನು ಬಾಗಿಸುತ್ತಿದ್ದ, ನಿಂತರೆ ಎತ್ತುತ್ತಿದ್ದ. ಮಾರಾಟಕ್ಕಿದ್ದ ಮೈಕಿನ ಕಡೆ ಒಮ್ಮೆಯೂ ನೋಡಲಿಲ್ಲ.

ವೈನಿ ಕೇಳಿದ ಇಪ್ಪತ್ತು ಸಾವಿರಕ್ಕೆ ಸವಾಲು ನಿಂತಿತ್ತು. ಆಗ ಅಣ್ಣ ಕೆಮ್ಮಿದ, ಹೆಗಲ ಮೇಲಿನ ತುವಾಲಿನಿಂದ ಬಾಯಿ ಒರೆಸಿಕೊಂಡ. ತುವಾಲಿನ ಮೇಲೆ ಕೆಂಪು.

“ಸಾಕು,” ಎಂದಳು ವೈನಿ.

“ಸವಾಲ್ ನಡದೈತಿ.” ಅಣ್ಣ ಕೈಯೆತ್ತಿದ. “ಇಪ್ಪತ್ತು ಸಾವಿರ, ಒಂದು…”

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಮೈಕು ವೈನಿಯದಾಗುತ್ತಿತ್ತು, ವೈನಿ ಮರುದಿನವೇ ನಾಮದೇವನ ಮನೆಗೆ ಕಾಣಿಕೆಯಾಗಿ ಕಳಿಸುತ್ತಿದ್ದಳು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

“ಇಪ್ಪತ್ತು ಸಾವಿರ, ಎರಡು…”

“ಇಪ್ಪತ್ತಾರು,” ಎಂದಿತು ನನ್ನ ಬಾಯಿ.

ವೈನಿ ನನ್ನತ್ತ ತಿರುಗಿದಳು. ಅಣ್ಣ ಮಾರುಕಟ್ಟೆಯಲ್ಲಿ ಗಿರಾಕಿಯ ಹೊಟ್ಟೆಯೊಳಗಿನ ದರ ಓದುತ್ತಿದ್ದನಲ್ಲ, ಹಾಗೆ ನನ್ನನ್ನು ನೋಡಿದ. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದ. ಇಪ್ಪತ್ತಾರು ಸಾವಿರ ಒಂದು. ಇಪ್ಪತ್ತಾರು ಸಾವಿರ ಎರಡು. ಮೂರನೆಯದು ತಗಡಿನವರೆಗೆ ಹೋಯಿತು. ಅಷ್ಟೇ. ನಂತರ ತುಟಿ ಆಡಿದವು, ಸದ್ದು ಬರಲಿಲ್ಲ.

ನಾಮದೇವ ಮೆಷಿನು ನಿಲ್ಲಿಸಿದ. ಹೊರಗೆ ಲಾರಿಯ ಹಾರ್ನು. ಮೈಕನ್ನು ತುವಾಲಿನಲ್ಲಿ ಸುತ್ತಿ ನನ್ನ ಕೈಗಿಟ್ಟ. ನಾನು ಹಿಂದಕ್ಕೆ ಚಾಚಿದೆ, ನಾಚಿಕೆಗಾದರೂ ಚಾಚಬೇಕಲ್ಲ. ಅಣ್ಣ ನನ್ನ ಮುಂಗೈ ಹಿಡಿದು ಅಡ್ಡಡ್ಡ ತಲೆ ಆಡಿಸಿದ.

“ಇಟ್ಟಗೋರಿ ಶೇಟ,” ಎಂದ ನಾಮದೇವ. “ವಾಪಸ್ ಕೊಟ್ರ ಅಣ್ಣಾರ ಕೂಗು ಸುಳ್ಳಾಗತೈತಿ.”

ಆ ಸಂಜೆಯೇ ಇಪ್ಪತ್ತಾರು ಸಾವಿರ ಕೊಟ್ಟೆ. ಆಪರೇಷನ್ ಸರಿಯಾಯಿತು. ಬುಧವಾರ ಪುಣೆಯವನು ಬಂದ. ಐವತ್ತೆಂಟು ಸಾವಿರಕ್ಕೆ ಮೈಕು ಹೋಯಿತು.

ಶನಿವಾರ ನಾಮದೇವ ಆಸ್ಪತ್ರೆಗೆ ರೆಕಾರ್ಡಿಂಗ್ ತಂದ. ಹನ್ನೊಂದು ನಿಮಿಷ. ವೈನಿ ಕೇಳಿ ಸೆರಗು ಕಚ್ಚಿದಳು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡ ಅಣ್ಣ ಮಂಚದ ಕಬ್ಬಿಣವನ್ನು ಬೆರಳಿನಿಂದ ಬಡಿಯುತ್ತ ತನ್ನ ಕೂಗಿನ ಜೊತೆಗೇ ದರ ಏರಿಸಿದ, ಎರಡು ಸಲ ಮೊದಲಿನಿಂದ ಹಾಕಿಸಿದ. ಆಮೇಲೆ ಹೆಡ್‌ಫೋನು ನನಗೆ ಬಂತು. ಫೋನಿನಲ್ಲಿ ಹರಿದುಹೋಗುತ್ತಿದ್ದ ಕೂಗು ಅಲ್ಲಿ ಇಡಿಯಾಗಿ ಇತ್ತು, ಕೆಮ್ಮು, ಎದೆಯ ಸುಯ್ಲು ಸಮೇತ. ಅಣ್ಣ “ಇಪ್ಪತ್ತು ಸಾವಿರ, ಎರಡು” ಎನ್ನುವ ಮೊದಲೇ ಯಾರೋ ಎಂಜಲು ನುಂಗಿದ ಸದ್ದೂ ಇತ್ತು. ಗಿರಾಕಿಗಳಲ್ಲಿ ಮೈಕಿಗೆ ಹತ್ತಿರ ನಿಂತವನು ನಾನೊಬ್ಬನೇ.

“ಭಾರಿ ಬಂದೈತಿ,” ಎಂದೆ.

“ಟಾಕೀಜಿಂದು ಭಾಳ ಚೊಲೊ ದುಡೀತು,” ಎಂದು ನಾಮದೇವ ಸಂತೋಷಪಟ್ಟ. ಆಮೇಲೆ, ಬೇರೆ ಊರಿಗೆ ಕೊಟ್ಟ ಮಗಳನ್ನು ವಿಚಾರಿಸುವವನ ಹಾಗೆ, “ಜರ್ಮನಿದು ಬರೋಬ್ಬರಿ ಐತಿಲ್ರಿ?”

“ಐತಿ,” ಎಂದೆ.

ಅದಾಗಿ ಎಂಟು ತಿಂಗಳು. ಪುಣೆಯವನು ಈಗ ತೊಂಬತ್ತು ಸಾವಿರ ಕೊಟ್ಟರೂ ವಾಪಸ್ ಬಿಡೆನೆನ್ನುತ್ತಾನೆ. ಬೇರೆ ಅಂಥದ್ದು ಬೆಳಗಾವಿ, ಹುಬ್ಬಳ್ಳಿ, ಮುಂಬೈಯ ಗುಜರಿಗಳಲ್ಲಿ ಹುಡುಕಿಸಿದ್ದೇನೆ, ಸಿಕ್ಕಿಲ್ಲ. ನಾಮದೇವನಿಗೆ ಕನ್ನಡ ಓದಲು ಬರುವುದಿಲ್ಲ. ಅದನ್ನೂ ಲೆಕ್ಕ ಹಾಕಿಯೇ ಇದನ್ನು ಬರೆದದ್ದು.

ನಾನು ಅವನಿಗೆ ಒಂದು ಜರ್ಮನ್ ಮೈಕು ಕೊಡಬೇಕು, ಮತ್ತು ಅವನದನ್ನು ಮಾರಿಬಿಟ್ಟೆ ಎಂದು ಎದುರಿಗೆ ನಿಂತು ಹೇಳಬೇಕು.