ನಮ್ಮವರು ಟೋಕಿಯೋದಿಂದ ತರಿಸಿದ ಕ್ಯಾಮೆರಾ

ನಮ್ಮವರ ಅಂಜಿಕೆ ಗಜೇಂದ್ರಗಡಕ್ಕೆಲ್ಲ ಗೊತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಫೋಟೊ ಸ್ಟುಡಿಯೋ ಇಟ್ಟಿರುವ ಮುಕುಂದರಾಯರು ಎಂದರೆ ಇವರೇ. ನಾಯಿಗೆ ಅಂಜುತ್ತಾರೆ, ಗುಡುಗಿಗೆ ಅಂಜುತ್ತಾರೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದನ್ನು ನನ್ನ ಕೈಗೆ ತುರುಕಿ ತಾವು ಬಚ್ಚಲಮನೆ ಸೇರುತ್ತಾರೆ. ಮದುವೆ ಮನೆಯಲ್ಲಿ ಬೀಗರನ್ನು ಸ್ವಲ್ಪ ಸರಿಯಿರಿ ಎನ್ನಲು ಧೈರ್ಯ ಸಾಲದೆ ಎಷ್ಟೋ ಆಲ್ಬಮ್ಮುಗಳಲ್ಲಿ ಮದುಮಗಳ ಅರ್ಧ ಮುಖ ಯಾರದೋ ರುಮಾಲಿನ ಹಿಂದೆ ಹೋಗಿದೆ. ಕೌಂಟರಿನಲ್ಲಿ ಕೂತು ಗಿರಾಕಿಗಳ ಜೊತೆ ಬಾಯಿ ಮಾಡುವ ಕೆಲಸವೆಲ್ಲ ನನ್ನದು. ನಾನು ಆರತಿ, ಇವರ ಹೆಂಡತಿ. ನನಗೆ ಬಾಯಿ ಜೋರು ಎಂದು ಜನ ಆಡಿಕೊಳ್ಳುತ್ತಾರೆ. ಇಂಥವರನ್ನು ಕಟ್ಟಿಕೊಂಡರೆ ಯಾರ ಬಾಯಿಯಾದರೂ ಜೋರಾಗುತ್ತದೆ.

ಇಂಥ ಮನುಷ್ಯ ಈ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೆ ಕೂತವರು, “ಆರತಿ, ಒಂದು ಹೊಸಾ ರೇಂಜ್‌ಫೈಂಡರ್ ಕ್ಯಾಮೆರಾ ತಗೋಬೇಕಂತ ಮಾಡೇನಿ” ಎಂದರು.

“ಈಗ ಎಲ್ಲಾರ ಕಿಸೆದಾಗೂ ಕ್ಯಾಮೆರಾ ಅದ. ರೀಲ್ ಹಾಕೂ ಕ್ಯಾಮೆರಾ ಯಾರಿಗೆ ಬೇಕ್ರಿ?” ಎಂದೆ.

“ನನಗ ಬೇಕು.”

ಮದುವೆಯಾದಾಗಿನಿಂದ ಈ ಬಾಯಲ್ಲಿ ‘ನನಗ ಬೇಕು’ ಎಂಬ ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ. ಎರಡನೇ ಸಲ ಅನ್ನ ಬೇಕಾದರೂ ಪಾತ್ರೆಯ ಕಡೆ ನೋಡುತ್ತಾರೆಯೇ ಹೊರತು ಕೇಳುವುದಿಲ್ಲ. ಹಾಗಾಗಿ ನಾನು ಸುಮ್ಮನೆ ಸಾರು ಬಡಿಸಿದೆ.

ಕಾರಣ ಆಮೇಲೆ ಹೇಳಿದರು. ನಮ್ಮ ಊರಿನ ನೇಕಾರರು ಮಗ್ಗದ ಮುಂದೆ ಕೂತದ್ದನ್ನು ಫೋಟೊ ತೆಗೆಯಬೇಕಂತೆ, ಮಗ್ಗಗಳೆಲ್ಲ ನಿಂತುಹೋಗುವ ಮೊದಲು. ಆ ಮನೆಗಳಲ್ಲಿ ಬೆಳಕು ಕಡಿಮೆ. ದೊಡ್ಡ ಕ್ಯಾಮೆರಾ ಎತ್ತಿದರೆ ಕೂತವರು ಬಿಗಿಯಾಗುತ್ತಾರೆ, ಅವರಿಗಿಂತ ಹೆಚ್ಚು ಇವರೇ ಬಿಗಿಯಾಗುತ್ತಾರೆ. ರೇಂಜ್‌ಫೈಂಡರ್ ಚಿಕ್ಕದು, ಸದ್ದಿಲ್ಲದ್ದು. ಹುಬ್ಬಳ್ಳಿಯಲ್ಲಿ ಕೆಲಸ ಕಲಿಯುವಾಗ ಅಂಥದೊಂದನ್ನು ಹಿಡಿದಿದ್ದರಂತೆ. ಅದರ ಕಿಂಡಿಯಲ್ಲಿ ಕಣ್ಣಿಟ್ಟರೆ ನಡುವೆ ಒಂದು ಪುಟ್ಟ ಚೌಕ ಇರುತ್ತದೆ, ಆ ಚೌಕದೊಳಗೆ ಎದುರಿನವರು ಎರಡೆರಡಾಗಿ ಕಾಣುತ್ತಾರೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡೂ ಜರುಗಿ ಬಂದು ಒಂದಾಗುತ್ತವೆ. ಒಂದಾದಾಗ ಗುಂಡಿ ಒತ್ತಿದರೆ ಫೋಟೊ ನಿಚ್ಚಳ. ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು, ಹೊಸದಾಗಿ ಮದುವೆಯಾದವರ ಹಾಗೆ ಕೆಂಪಾಗಿತ್ತು.

ಜಕ್ಕಲಿಯ ಹೊಲದಲ್ಲಿ ಇವರ ಪಾಲು ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಪ್ರಶ್ನೆ, ಎಲ್ಲಿ ಕೊಳ್ಳುವುದು ಎಂಬುದು. ನರಗುಂದದಲ್ಲಿ ನಿಜಾಮುದ್ದೀನ ಸಾಹೇಬರ ಅಂಗಡಿ ಇದೆ. ಈ ಕಡೆಯ ಸ್ಟುಡಿಯೋಗಳಿಗೆಲ್ಲ ಕ್ಯಾಮೆರಾ ಮಾರುವವರು, ಕೆಟ್ಟರೆ ರಿಪೇರಿ ಮಾಡುವವರು ಅವರೇ. ನಮ್ಮವರು ಒಬ್ಬರೇ ಹೋಗಿ ವಿಚಾರಿಸಿಕೊಂಡು ಬಂದರು. ಬೆಂಗಳೂರಿನಿಂದ ತರಿಸಿಕೊಡುತ್ತಾರೆ, ಬೆಲೆ ಹೆಚ್ಚು, ತಿಂಗಳುಗಟ್ಟಲೆ ಕಾಯಬೇಕು, ಆದರೆ ಗ್ಯಾರಂಟಿ ಇದೆ. ಟೋಕಿಯೋದ ಒಬ್ಬ ವ್ಯಾಪಾರಿ ಅದೇ ಕ್ಯಾಮೆರಾವನ್ನು ಕಸ್ಟಮ್ಸ್ ಸುಂಕ ಸೇರಿಸಿದರೂ ಕಡಿಮೆಗೆ, ಅದೂ ಬೇಗ ಕಳಿಸುತ್ತಾನೆ. ಕೆಟ್ಟರೆ ಮಾತ್ರ ಸಮುದ್ರ ದಾಟಿಸಬೇಕು.

ಸಾಹೇಬರು ಒಂದು ದಿನ ಫೋನ್ ಮಾಡಿದರು. ಎಂದಿನಂತೆ ಫೋನು ನನ್ನ ಕೈಗೆ ಬಂತು.

“ಬಾಯಾರ, ನನ್ನ ಕಡೆ ತಗೊಂಡದ್ದು ನಾಳೆ ಕೆಟ್ಟರ ನೀವು ಬಂದು ನನ್ನ ಕೊಳಪಟ್ಟಿ ಹಿಡೀಬಹುದು. ಜಪಾನದವನ ಕೊಳಪಟ್ಟಿ ಹಿಡಿಯಾಕ ಯಾವ ಬಸ್ಸಿಗೆ ಹೋಗತೀರಿ?”

ಮಾತು ಖರೇ ಅನ್ನಿಸಿತು. ನನ್ನ ಓಟು ನರಗುಂದಕ್ಕೇ ಎಂದು ಘಂಟಾಘೋಷವಾಗಿ ಹೇಳಿದೆ. ಆದರೆ ನೆರಳಿಗೂ ಅಂಜುವ ಈ ಮನುಷ್ಯ ಟೋಕಿಯೋ ಎಂದು ಹಟ ಹಿಡಿದರು. ಯಾಕೆ ಎಂದು ಕೇಳಿದರೆ, “ಸೋವಿ ಆಗ್ತದ, ರೊಕ್ಕ ಉಳೀತದ” ಎಂದು ಗೋಡೆ ನೋಡಿದರು. ಕಡೆಗೆ ಗಣೇಶನ ಹಬ್ಬದ ಹೊತ್ತಿಗೆ ಟೋಕಿಯೋಕ್ಕೆ ದುಡ್ಡು ಕಳಿಸಿಯೇಬಿಟ್ಟರು.

ಅವತ್ತಿನಿಂದ ಶುರುವಾಯಿತು ನೋಡಿ ನಮ್ಮ ಮನೆಯಲ್ಲಿ ಅಂಜಿಕೆಯ ಹಬ್ಬ! ಪಾರ್ಸಲ್ ಹಾದಿಯಲ್ಲಿ ಕಳುವಾದರೆ? ಡಬ್ಬಿಯಲ್ಲಿ ಕ್ಯಾಮೆರಾ ಬದಲು ಇಟ್ಟಂಗಿ ಬಂದರೆ? ಕಸ್ಟಮ್ಸಿನವರು ಕಳ್ಳಸಾಗಣೆ ಎಂದು ಹಿಡಿದರೆ? ಮೊಬೈಲು ಟಿಂಗ್ ಎಂದರೆ ಸಾಕು, ಇವರ ಕೈ ಎದೆಗೆ ಹೋಗುತ್ತಿತ್ತು. ದಸರೆಯ ಮುಂಚೆ ಕೊರಿಯರ್ ಹುಡುಗ ಬಾಗಿಲು ಬಡಿದಾಗ ಪೊಲೀಸರು ಬಂದರೆಂದು ಅಡುಗೆಮನೆಗೆ ಬಂದು ನನ್ನ ಹಿಂದೆ ನಿಂತರು. ಸಹಿ ನಾನೇ ಹಾಕಿದೆ. ಡಬ್ಬಿಯಲ್ಲಿ ಇಟ್ಟಂಗಿ ಇರಲಿಲ್ಲ. ಕಪ್ಪಗೆ ಮಿಂಚುವ, ಕೈಗೆ ಭಾರವಾದ, ಮುದ್ದಾದ ಕ್ಯಾಮೆರಾ ಇತ್ತು.

ನಮ್ಮ ಸ್ಟುಡಿಯೋದಲ್ಲಿ ಮಾವನವರ ಕಾಲದಿಂದ ಒಂದು ಪದ್ಧತಿ ಇದೆ. ಹೊಸ ಕ್ಯಾಮೆರಾದಲ್ಲಿ ಮೊದಲ ಫೋಟೊ ದೇವರದು, ಅದೂ ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ. ಆ ಫೋಟೊ ಮಸುಕಾಗಬಾರದು. ಅದು ಆಗುವ ತನಕ ಮನೆಯ ಯಜಮಾನನ ಕಣ್ಣು ಬಿಟ್ಟು ಇನ್ನೊಬ್ಬರ ಕಣ್ಣು ಕ್ಯಾಮೆರಾದ ಕಿಂಡಿಯಲ್ಲಿ ಬೀಳಬಾರದು. ದೃಷ್ಟಿಯಾದರೆ ಕಸುಬು ಕೈ ಹಿಡಿಯುವುದಿಲ್ಲ ಎಂದು ನಂಬಿಕೆ. ಇದನ್ನು ನಾನೂ ಯಾವತ್ತೂ ಮೀರಿದವಳಲ್ಲ.

ಖಂಡೇಪೂಜೆಯ ದಿನ ಕತ್ತರಿ, ಸ್ಟ್ಯಾಂಡು, ಲೈಟುಗಳ ಜೊತೆ ಕ್ಯಾಮೆರಾವನ್ನೂ ಮಣೆಯ ಮೇಲಿಟ್ಟು ಅರಿಷಿಣ ಕುಂಕುಮ ಏರಿಸಿದೆವು. ಮಂಗಳಾರತಿ ಆಯಿತು. ಇವರು ದೇವರ ಮುಂದೆ ಕೂತು ಕಿಂಡಿಗೆ ಬಲಗಣ್ಣು ಹಚ್ಚಿದರು. ಉಂಗುರವನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಮತ್ತೆ ಆ ಕಡೆ. ಹಣೆಯಿಂದ ಬೆವರು ಇಳಿಯತೊಡಗಿತು.

“ಏನಾತ್ರಿ?”

“ಕೂಡವಲ್ಲವು, ಆರತಿ. ದೀಪ ಎರಡ ಕಾಣ್ಲಿಕ್ಕತ್ತಾವ.”

ನೋಡಿದರೆ ಕ್ಯಾಮೆರಾದ ಮುಂದಿನ ಪುಟ್ಟ ಗಾಜಿನ ಮೇಲೆ ನಾನೇ ಇಟ್ಟ ಕುಂಕುಮ! ಅಂಚಿನಲ್ಲಿ ಅಂಟಿಕೊಂಡಿತ್ತು. “ಅಯ್ಯ, ಇದರದ ಕಾರುಬಾರು!” ಎಂದು ಇಬ್ಬರೂ ನಕ್ಕುಬಿಟ್ಟೆವು. ಶಲ್ಯದ ತುದಿಯಿಂದ ಒರೆಸಿ ಅವರು ಮತ್ತೆ ಕಣ್ಣಿಟ್ಟರು. ನಗು ಅಲ್ಲಿಗೇ ನಿಂತಿತು. ಮುಖ ಸುಣ್ಣವಾಯಿತು. ಕ್ಯಾಮೆರಾವನ್ನು ಕೆಳಗಿಟ್ಟು, “ಮೋಸ ಆತು. ಕೆಟ್ಟ ಪೀಸ್ ಕಳಿಸ್ಯಾರ” ಎಂದರು.

ಮೊದಲ ಫೋಟೊ ಮಸುಕಾಗುವಂತಿಲ್ಲ, ಬೇರೆಯವರು ನೋಡುವಂತಿಲ್ಲ. ಕ್ಯಾಮೆರಾ ದೇವರಮನೆಯ ಮೂಲೆಯಲ್ಲಿ ಕೂತುಬಿಟ್ಟಿತು. ಇವರು ಊಟ ಬಿಟ್ಟರು. ನಾನು ಟೋಕಿಯೋದವನನ್ನು ಗಜೇಂದ್ರಗಡದಲ್ಲಿ ಕೂತು ಅಚ್ಚ ಕನ್ನಡದಲ್ಲಿ ಬಾಯಿಗೆ ಬಂದಂತೆ ಬೈದೆ. ಆಮೇಲೆ ಇಂಗ್ಲಿಷಿನಲ್ಲಿ ದೂರು ಬರೆದು ಕಳಿಸಿದೆ. ಅವನೋ ಭಾಳ ಮರ್ಯಾದೆಯಿಂದ ಉತ್ತರ ಬರೆದ. ಕಿಂಡಿಯ ಹಿಂದೆ ಮೊಬೈಲ್ ಹಿಡಿದು ಒಳಗೆ ಹೇಗೆ ಕಾಣುತ್ತದೋ ಒಂದು ಫೋಟೊ ಕಳಿಸಿ, ದೋಷವಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ, ಆದರೆ ಈ ತಿಂಗಳ ಒಳಗೆ ಎಂದಿದ್ದ.

“ಅದೇನು ದೊಡ್ಡ ಕೆಲಸ? ಇಲ್ಲೆ ಕೊಡ್ರಿ, ಮೊಬೈಲ್ ನಾ ಹಿಡೀತೇನಿ” ಎಂದೆ.

“ಬ್ಯಾಡ! ಮೊಬೈಲಿಂದೂ ಒಂದು ಕಣ್ಣ!” ಎಂದು ಕ್ಯಾಮೆರಾವನ್ನು ಎದೆಗವಚಿಕೊಂಡರು.

ನನಗೆ ತಲೆ ಕೆಟ್ಟಿತು. ಇವರಿಗೆ ನಿದ್ದೆಯಿಲ್ಲ. ನರಗುಂದದ ಹೆಸರೆತ್ತಿದರೆ ಸಾಕು, ಸಾಹೇಬರಿಗೆ ಗೊತ್ತಾದರೆ ಹೇಗೆ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ತಿಂಗಳು ಮುಗಿಯುತ್ತ ಬಂದಿತ್ತು. ಕಡೆಗೊಂದು ಬೆಳಿಗ್ಗೆ ಕ್ಯಾಮೆರಾವನ್ನು ಡಬ್ಬಿ ಸಮೇತ ನನ್ನ ಚೀಲದಲ್ಲಿಟ್ಟುಕೊಂಡು ಸ್ಟುಡಿಯೋದ ಬಾಗಿಲಿಗೆ ಕೀಲಿ ಹಾಕಿ, “ನೀವು ಬಂದರ ಬರ್ರಿ, ಇಲ್ಲಾಂದ್ರ ನಾ ಒಬ್ಬಾಕಿನ ಹೋಗ್ತೇನಿ” ಎಂದೆ. ಕ್ಯಾಮೆರಾದ ಹಿಂದೆ ಇವರೂ ಬಂದರು. ರೋಣ ದಾಟುವ ತನಕ ನನ್ನ ಚೀಲದ ಮೇಲೇ ಕೈ ಇಟ್ಟುಕೊಂಡಿದ್ದರು. ಆಮೇಲೆ ಬಸ್ಸು ನರಗುಂದದ ಗುಡ್ಡ ಕಾಣುವಷ್ಟು ಹತ್ತಿರ ಬಂದಾಗ, “ಇಳದು ಹೊಳ್ಳಿ ಹೋಗೂಣೇನು?” ಎಂದರು. ನಾನು ಚೀಲವನ್ನು ನನ್ನ ಕಡೆ ಎಳೆದುಕೊಂಡೆ.

ಸಾಹೇಬರು ಕ್ಯಾಮೆರಾ ನೋಡುತ್ತಲೇ ಎಲ್ಲ ತಿಳಿದುಕೊಂಡರು. “ಹಂಗಾದ್ರ ಜಪಾನಕ್ಕ ಹೋಗಿ ಬಂದ್ರಿ ಅನ್ರಿ” ಎಂದು ಒಂದು ಚುಚ್ಚಿದರು. ಚುಚ್ಚುವ ಹಕ್ಕು ಅವರಿಗಿತ್ತು. ಕೈ ಚಾಚಿದಾಗ ಇವರು ಕ್ಯಾಮೆರಾ ಬಿಡಲೊಲ್ಲರು.

“ಇನ್ನೂ ದೇವರ ಫೋಟೊ ಆಗಿಲ್ಲ, ಸಾಹೇಬ್ರ.”

“ನೋಡದ ಹ್ಯಾಂಗ ಹೇಳ್ಲಿ, ಮುಕುಂದರಾವ್ರ? ದವಾಖಾನಿಗೆ ಬಂದು ನಾಡಿ ಮುಟ್ಟಬ್ಯಾಡ ಅಂದಂಗಾತು.”

ನಾನೇ ಕ್ಯಾಮೆರಾ ಕಿತ್ತು ಅವರ ಕೈಗೆ ಕೊಟ್ಟೆ. ಪದ್ಧತಿ ಮುರಿಯಿತು. ಸಾಹೇಬರು ಬಾಗಿಲಿಗೆ ಬಂದು ಎದುರಿನ ಅಂಗಡಿಯ ಬೋರ್ಡು ನೋಡಿದರು, ರಸ್ತೆಯಲ್ಲಿ ನಿಂತ ಗಾಡಿ ನೋಡಿದರು. ಗಾಜು ಒರೆಸಿ ಮತ್ತೊಮ್ಮೆ ನೋಡಿದರು. ಅವರ ಮುಖದಲ್ಲಿದ್ದ ಚೇಷ್ಟೆ ಇಳಿದುಹೋಯಿತು. ನಮ್ಮವರ ಕಡೆ ತಿರುಗದೆ ಕ್ಯಾಮೆರಾವನ್ನು ನನಗೆ ಕೊಟ್ಟು, “ಬಾಯಾರ, ನೀವೊಮ್ಮೆ ನೋಡ್ರಿ. ರಾಯರ ಮುಖಾನ ನೋಡ್ರಿ. ಉಂಗುರ ಹಗೂರಕ ತಿರುಗಸ್ರಿ” ಎಂದರು.

ನಾನು ಕಣ್ಣು ಹಚ್ಚಿದೆ. ಪುಟ್ಟ ಚೌಕದಲ್ಲಿ ನನ್ನ ಗಂಡನ ಮುಖ ಎರಡಾಗಿತ್ತು, ಎರಡು ಮೂಗು, ಎರಡು ಚಾಳೀಸಿನ ಕನ್ನಡಕ. ಉಂಗುರ ತಿರುಗಿಸಿದೆ. ಒಂದು ಮುಖ ಜರುಗುತ್ತ ಬಂದು ಇನ್ನೊಂದರ ಮೇಲೆ ಸರಿಯಾಗಿ ಕೂತಿತು. ಬೆಳ್ಳಗಾದ ಮೀಸೆಯ ಒಂದೊಂದು ಕೂದಲೂ ನಿಚ್ಚಳವಾಗಿ ಕಂಡಿತು. ಆ ಮುಖ ನನ್ನನ್ನೇ ನೋಡುತ್ತಿತ್ತು.

“ಕೂಡ್ಯಾವೇನ?” ಎಂದು ಇವರು ಕೇಳಿದರು.

ಆಗ ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಸಂಜೆಯಾದರೆ ಸ್ಕೂಟರ್ ಮುಟ್ಟುವುದಿಲ್ಲ ಎಂದಾಗ ಅಂಜಿಕೆ ಎಂದುಕೊಂಡೆವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದರೆ ಅಂಜಿಕೆ ಎಂದೆವು. ಎದುರಿನಿಂದ ಬಂದವರನ್ನು ಮಾತಾಡಿಸದೆ ಹೋದರೆ ಅದಕ್ಕೂ ಅಂಜಿಕೆ ಎಂದೆವು. ಕೂಡಿವೆ ಎಂದು ನಾನು ಈಗ ಹೇಳಿದರೆ ಕೆಟ್ಟದ್ದು ಕ್ಯಾಮೆರಾ ಅಲ್ಲ, ಇವರ ಕಣ್ಣು ಎಂದಾಗುತ್ತದೆ.

“ಇಲ್ಲ. ಕೂಡವಲ್ಲವು” ಎಂದೆ.

ಸಾಹೇಬರು ನನ್ನ ಮುಖ ನೋಡಿದರು. ಇವರು ಮಾತ್ರ ಎದೆ ತುಂಬ ಉಸಿರು ಬಿಟ್ಟು ನಕ್ಕರು. ದಸರೆಯ ನಂತರ ಅದೇ ಮೊದಲ ನಗು. “ನಾ ಹೇಳಿದ್ದಿಲ್ಲೇನು? ಪೀಸ ಕೆಟ್ಟದ. ಇವತ್ತ ವಾಪಸ್ ಕಳಿಸಿಬಿಡೂಣು. ಸಾಹೇಬ್ರ, ನಿಮ್ಮ ಮಾತು ಕೇಳಬೇಕಿತ್ತು ನೋಡ್ರಿ” ಎಂದು ಸಣ್ಣ ಹುಡುಗನ ಹಾಗೆ ವಟಗುಟ್ಟತೊಡಗಿದರು. ಚಹಾ ಬೇಕೆಂದು ತಾವೇ ಬಾಯಿ ಬಿಟ್ಟು ಕೇಳಿದರು! ಆ ಸಂತೋಷ ನನಗೆ ನೋಡಲಾಗಲಿಲ್ಲ. ಹೀಗೆ ನಗುನಗುತ್ತಲೇ ಮನೆಗೆ ಹೋಗಿ ಇವರು ಕುರುಡರಾಗುತ್ತಾರೆ, ನಾನು ಸುಳ್ಳು ಹೇಳಿ ಕಳಿಸಿದವಳಾಗುತ್ತೇನೆ.

“ಸುಳ್ಳು ಹೇಳಿದೆನ್ರಿ” ಎಂದೆ. “ಕೂಡ್ಯಾವ. ಕ್ಯಾಮೆರಾ ಚಲೋ ಅದ.”

ಇವರು ಸ್ಟೂಲಿನ ಮೇಲೆ ಕೂತರು. ಅಳುತ್ತಾರೆ, ಕೂಗಾಡುತ್ತಾರೆ ಎಂದು ಕಾದೆ. ಅದೇನೂ ಆಗಲಿಲ್ಲ. ಸಾಹೇಬರ ಕಡೆ ತಿರುಗಿ ಕೇಳಿದರು, “ಬ್ಯಾಸಿಗ್ಯಾಗ ನಾ ಬಂದಾಗ ನೀವು ತೋರಿಸಿದ ಹಳೇ ಪೀಸ, ಅದೂ ಚಲೋನ ಇತ್ತೇನು?”

“ಚಲೋನ ಇತ್ರಿ. ನಾನ ಸರಿ ಮಾಡಿ ಇಟ್ಟಿದ್ದೆ.”

“ಅದರಾಗೂ ಕೂಡಲಿಲ್ಲ. ಹಳೇದಂತ ಹಂಗ ಅಂತ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ. ಹೊಸಾದು ನಿಮ್ಮ ಕಡೆ ತಗೊಂಡಿದ್ರ ನಿಮ್ಮ ಮುಂದನ ಕಣ್ಣ ಹಚ್ಚಿ ನೋಡಬೇಕಾಗ್ತಿತ್ತು.”

ಅದಕ್ಕೆ ಟೋಕಿಯೋ! ಅಲ್ಲಿಯವನು ಇವರ ಕಣ್ಣು ನೋಡುವುದಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಎಂದಿನಿಂದ ಹಿಂಗ ಅದ? ನನಗ ಯಾಕ ಹೇಳಲಿಲ್ಲ?” ಎಂದು ಆ ಅಂಗಡಿಯಲ್ಲೇ ಚೀರಿದೆ.

“ಯುಗಾದಿಯಿಂದ ಅದ. ಬಲಗಣ್ಣ ಮುಚ್ಚಿದ್ರ ಎಲ್ಲಾ ಒಂದ ಕಾಣ್ತದ” ಎಂದರು. ಆಮೇಲೆ ಮೆಲ್ಲಗೆ, “ಹೇಳಿದ್ರ ನೀ ದವಾಖಾನಿಗೆ ಕರಕೊಂಡು ಹೋಗ್ತಿದ್ದಿ” ಎಂದರು.

ಸಾಹೇಬರು ಕ್ಯಾಮೆರಾವನ್ನು ಡಬ್ಬಿಯಲ್ಲಿಟ್ಟು ಕಟ್ಟಿ, “ಹುಬ್ಬಳ್ಳಿ ಬಸ್ ನಿಂತೈತಿ, ಬಾಯಾರ. ಕಣ್ಣಿನ ದವಾಖಾನಿ ಸಂಜಿತನಕ ತೆರೆದಿರ್ತೈತಿ. ಲಗೂ ಹೋಗ್ರಿ” ಎಂದರು. ನಾನು ಇವರ ಕೈ ಹಿಡಿದು ಎಬ್ಬಿಸಿ, ನಡು ರಸ್ತೆಯಲ್ಲಿ ಎಲ್ಲರ ಎದುರಿಗೆ ಕೈ ಹಿಡಿದೇ ನಡೆಸಿಕೊಂಡು ಹೋಗಿ ಬಸ್ಸು ಹತ್ತಿಸಿದೆ. ಏನಾದರೂ ಧೈರ್ಯದ ಮಾತು ಹೇಳಬೇಕು ಎಂದು ಬಾಯಿ ತೆರೆದೆ. ಊರಿಗೆಲ್ಲ ಜೋರಾದ ಬಾಯಿ ಇದು, ಒಂದು ಮಾತು ಹೊರಡಲಿಲ್ಲ.

ಬಸ್ಸು ಹೊರಟಿತು. ಇವರು ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, “ಆರತಿ, ಇವತ್ತ ಯಾಕ ಮಾತಾಡವಲ್ಲಿ?” ಎಂದರು.

“ನನಗ ಅಂಜಿಕಿ ಬಂದದ್ರಿ” ಎಂದೆ.

ಅವರು ಕಿಟಕಿಯ ಕಡೆಯ ಜಾಗ ನನಗೆ ಬಿಟ್ಟುಕೊಟ್ಟರು.

“ಅಂಜಬ್ಯಾಡ” ಎಂದರು. “ನಾ ಇದ್ದೇನಲ್ಲ.”